ಚಿಪ್ಸ್ ತೊಟ್ಟೆ ಗುಜರಿಗೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ಬಾಟಲಿ, ರಟ್ಟು, ಹಾಲಿನ ತೊಟ್ಟೆ ಗುಜರಿಯವರು ಒಯ್ಯುತ್ತಾರೆ. ಚಿಪ್ಸ್ ತೊಟ್ಟೆ ಮಾತ್ರ ತೋಡಿನಲ್ಲಿ. ನಿಷೇಧ ಉಂಟಲ್ಲ ಮಾರಾಯ್ರೆ?

ಉತ್ತರ 1: ಅದಕ್ಕೆ ನಿಷೇಧ ಇಲ್ಲ. 2022ರ ಜುಲೈ 1ರಿಂದ ನಿಂತದ್ದು ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟದಂಥವು. ಚಿಪ್ಸ್ ತೊಟ್ಟೆ ಬಹುಪದರದ್ದು, ಒಳಗೆ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಲೇಪ. ಬಿಡಿಸುವ ಖರ್ಚೇ ಸಿಗುವ ಬೆಲೆಗಿಂತ ಜಾಸ್ತಿ. ಕಿಲೋ ಆಗಲು ನೂರಾರು ತೊಟ್ಟೆ ಹೆಕ್ಕಬೇಕು, ಯಾರು ಹೆಕ್ಕುತ್ತಾರೆ?

ಉತ್ತರ 2: ಉತ್ಪಾದಕರ ಹೊಣೆಗಾರಿಕೆ ನಿಯಮದಲ್ಲಿ ಕಂಪನಿಗಳು ಪ್ಲಾಸ್ಟಿಕ್ ಸಂಸ್ಕರಿಸಿದ್ದಕ್ಕೆ ಪುರಾವೆಯಾಗಿ ಪ್ರಮಾಣಪತ್ರ ಕೊಳ್ಳಬೇಕು. ಆ ದುಡ್ಡು ಸಂಸ್ಕರಣೆ ಮಾಡುವವರಿಗೆ, ಹೆಕ್ಕುವವರಿಗಲ್ಲ. ಅಲ್ಲೇ ಎಡವಟ್ಟು.

ಉತ್ತರ 1: ತೊಳೆದು, ಒಣಗಿಸಿ, ಒಣಕಸದಲ್ಲಿ ಕೊಡಿ, ಸಿಮೆಂಟ್ ಕಾರ್ಖಾನೆಯ ಗೂಡಿಗಾದರೂ ಉರುವಲಾಗಿ ಹೋದೀತು. ಮೀನಿನ ನೀರು ತಾಗಿದರೆ ಮಂಗಳೂರಿನ ಕಸದ ರಾಶಿ ಇರುವ ಪಚ್ಚನಾಡಿಗೇ. 2019ರ ಆಗಸ್ಟ್ ಮಳೆಗೆ ಆ ರಾಶಿ ಪಕ್ಕದ ಮಂದಾರ ಊರಿಗೆ ಜಾರಿದ್ದು ನೆನಪುಂಟಲ್ಲ?