ಪದಚರ್ಚೆ: ಕಾಮಿಕ್ಸ್‌ನ ‘ಇಂಕರ್’, ‘ಗಟರ್’, ‘ಇಂಡಿಪೆಂಡೆಂಟ್’ – ನಾಳೆ ಸಂಜೆಯೊಳಗೆ ಬೇಕು

ಧಾರವಾಡ:
ಹೊಸ ಕಾಮಿಕ್ಸ್ ಪುಸ್ತಕಗಳ ಎರಡು ದಿನದ ಪ್ರದರ್ಶನಕ್ಕೆ ಫಲಕ ಬರೆಯಬೇಕಿದೆ. ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತವೆ. ಮೂರು ಕಡೆ ತೊಡಕು.

ಕಪಾಟಿನ ಮೇಲಿನ ಎರಡು ಪಟ್ಟಿ, ತಲಾ 3 ಅಡಿ ಅಗಲ, 6 ಇಂಚು ಎತ್ತರ. ಕರಡಿನಲ್ಲಿ ‘ಮುಖ್ಯವಾಹಿನಿ ಚಿತ್ರಕಥೆ’, ‘ಸ್ವತಂತ್ರ (ಇಂಡಿಪೆಂಡೆಂಟ್) ಚಿತ್ರಕಥೆ’ ಎಂದಿದೆ. ಪ್ರತಿ ಪುಸ್ತಕದ ಮುಂದಿನ ಚೀಟಿಯಲ್ಲಿ ರೈಟರ್ (ಕಥೆ ಬರೆದವರು), ಪೆನ್ಸಿಲರ್ (ಪೆನ್ಸಿಲ್‌ನಲ್ಲಿ ಚಿತ್ರ ಬರೆದವರು), ಇಂಕರ್ (ಅದರ ಮೇಲೆ ಕಪ್ಪು ಗೆರೆ ಎಳೆದವರು), ಕಲರಿಸ್ಟ್ (ಬಣ್ಣ ತುಂಬಿದವರು), ಲೆಟರರ್ (ಮಾತಿನ ಅಕ್ಷರ ಬರೆದವರು) ಹೆಸರು ಬರಬೇಕು. ಇಂಕರ್‌ಗೆ ‘ಮಸಿಗಾರ’ ಎಂದು ಹಾಕಿದೆ, ಕಿವಿಗೆ ಒಗ್ಗುತ್ತಿಲ್ಲ. ಇನ್ನು ‘ಪುಟ ಓದುವ ಬಗೆ’ ಎಂಬ ಫಲಕದಲ್ಲಿ ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗಕ್ಕೆ, ಅಂದರೆ ಗಟರ್‌ಗೆ, ಒಂದು ಹೆಸರು ಬೇಕು.

ಗದಗ:
‘ಮಸಿಗಾರ’ ಬೇಡವೇ ಬೇಡ. ನಮ್ಮ ಕಡೆ ಮಸಿ ಅಂದರೆ ಗಡಿಗೆಯ ತಳದ ಕರಿ. ‘ಮಸಿ ಬಳಿದರು’ ಅಂದರೆ ಮಾನ ಕಳೆದರು ಎಂದೇ ಅರ್ಥ. ಕಲಾವಿದರ ಹೆಸರಿನ ಮುಂದೆ ಇದನ್ನು ಹಾಕಬಾರದು. ‘ಶಾಯಿ’ ಹಾಕಿ. ಫಾರಸಿಯ ಸಿಯಾಹಿಯಿಂದ ಮರಾಠಿಯ ಮೂಲಕ ಬಂದದ್ದು. ಸಿಯಾಹ್ ಎಂದರೆ ಕಪ್ಪು. ಆದರೂ ‘ಕೆಂಪು ಶಾಯಿ’ ಎನ್ನುತ್ತೇವೆ, ಯಾರೂ ಎಡವುವುದಿಲ್ಲ. ಪದ ಊರಿನದಾಯಿತು ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಕಿಲ್ಲ.

‘ಚಿತ್ರಕಥೆ’ಯನ್ನೂ ತೆಗೆಯಿರಿ. ಸಿನಿಮಾದ ‘ಕಥೆ, ಚಿತ್ರಕಥೆ, ಸಂಭಾಷಣೆ’ ಆ ಪದವನ್ನು ಎಂದೋ ತನ್ನದು ಮಾಡಿಕೊಂಡಿದೆ. ‘ಸ್ವತಂತ್ರ ಚಿತ್ರಕಥೆ’ ಎಂದರೆ ರಿಮೇಕ್ ಅಲ್ಲದ ಸಿನಿಮಾ ಎಂದು ಓದುತ್ತಾರೆ.

ಹಾವೇರಿ:
ಮಸಿ ಸಂಸ್ಕೃತ, ಶಾಯಿ ಫಾರಸಿ. ಎರಡೂ ಹೊರಗಿನವು. ಅಚ್ಚಗನ್ನಡದಲ್ಲಿ ‘ತಿದ್ದು’ ಇದೆ. ಮಗು ಬರೆದಿಟ್ಟ ಅಕ್ಷರದ ಮೇಲೆ ಬಳಪ ಆಡಿಸುವುದಕ್ಕೆ ‘ತಿದ್ದುವುದು’ ಎನ್ನುತ್ತೇವೆ. ಇಂಕರ್ ಮಾಡುವುದೂ ಅದನ್ನೇ, ಪೆನ್ಸಿಲ್ ಗೆರೆಯ ಮೇಲೆ ಕಪ್ಪು ಗೆರೆ. ‘ಗೆರೆ ತಿದ್ದಿದವರು’ ಎಂದು ಹಾಕಿ. ಪೆನ್ಸಿಲರ್‌ಗೆ ‘ಸೀಸದಕಡ್ಡಿ’ ಬಳಸಬಹುದು. ಅಮರ ಚಿತ್ರ ಕಥಾ 1967ರಿಂದ ಇದೆ, ‘ಚಿತ್ರಕಥೆ’ ಯಾರಿಗೂ ಹೊಸದಲ್ಲ.

ಹುಬ್ಬಳ್ಳಿ:
ಸೀಸದಕಡ್ಡಿಯೊಳಗೆ ಸೀಸ ಇಲ್ಲ, ಗ್ರಾಫೈಟ್ ಇದೆ. ಬಿಡಿ.

‘ತಿದ್ದಿದವರು’ ತಪ್ಪು. ಪುಸ್ತಕದ ಚೀಟಿಯಲ್ಲಿ ಅದನ್ನು ಕಂಡವರು ಕರಡು ತಿದ್ದಿದವರು ಎಂದೇ ತಿಳಿಯುತ್ತಾರೆ. ಮೇಲಾಗಿ ಇಂಕರ್ ಗೆರೆಯ ಮೇಲೆ ಗೆರೆ ಎಳೆದು ಸುಮ್ಮನಾಗುವವರಲ್ಲ. 11×17 ಇಂಚಿನ ದಪ್ಪ ಹಾಳೆಯ ಮೇಲೆ ಪೆನ್ಸಿಲ್ ಕೆಲಸ ಬರುತ್ತದೆ. ಯಾವ ಗೆರೆ ದಪ್ಪ, ಯಾವುದು ತೆಳು, ಹತ್ತಿರದ್ದು ಯಾವುದು, ದೂರದ್ದು ಯಾವುದು, ಎಲ್ಲಿ ಪೂರ್ತಿ ಕಪ್ಪು ತುಂಬಬೇಕು, ಇವನ್ನು ಕುಂಚ ಅಥವಾ ನಿಬ್ಬು ಹಿಡಿದವರೇ ತೀರ್ಮಾನಿಸುತ್ತಾರೆ. ಪೆನ್ಸಿಲ್ಲಿನ ನೆರಳು ಬೂದು, ಶಾಯಿಗೆ ಬೂದು ಎಂಬುದೇ ಇಲ್ಲ. ಆ ಬೂದನ್ನು ಅಡ್ಡಗೆರೆಗಳಾಗಿಯೋ ಚುಕ್ಕೆಗಳಾಗಿಯೋ ಒಡೆಯಬೇಕು. ಬರಿದೇ ನಕಲು ಮಾಡಿದ ಪುಟದಲ್ಲಿ ಎಲ್ಲ ಗೆರೆ ಒಂದೇ ದಪ್ಪವಾಗಿ, ಮುಖವೂ ಗೋಡೆಯೂ ಒಂದೇ ಮಟ್ಟದಲ್ಲಿ ಅಂಟಿಕೊಂಡು ನಿಲ್ಲುತ್ತವೆ.

ಲೆಟರರ್‌ಗೆ ‘ಅಕ್ಷರ ಜೋಡಣೆ’ ಎಂದು ಬರೆಯಲು ಹೋಗಬೇಡಿ. ಅದು ಅಚ್ಚುಮೊಳೆ ಜೋಡಿಸುವ ಕೆಲಸ. ಲೆಟರರ್ ಮಾತಿನ ಪುಗ್ಗಾ (ಮಾತು ಬರೆಯುವ ಬಲೂನು) ಎಲ್ಲಿ ಕೂರಬೇಕು, ಬಾಲ ಯಾರ ಬಾಯಿಗೆ ತಿರುಗಬೇಕು, ಸಪ್ಪಳದ ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನೂ ನೋಡುತ್ತಾರೆ.

ನನ್ನ ಸಲಹೆ, ‘-ಗಾರ’, ‘-ದವರು’ ಎಲ್ಲ ಬಿಟ್ಟು ಕೆಲಸದ ಹೆಸರನ್ನಷ್ಟೇ ಹಾಕಿ. ಕಥೆ, ಪೆನ್ಸಿಲ್, ಶಾಯಿ, ಬಣ್ಣ, ಅಕ್ಷರ. ಹೆಸರು ಹೆಂಗಸಿನದೋ ಗಂಡಸಿನದೋ ಎಂಬ ತೊಡಕೂ ಬರುವುದಿಲ್ಲ. ಐದೂ ಸಾಲು ಎಲ್ಲ ಪುಸ್ತಕಕ್ಕೂ ಬರುವುದಿಲ್ಲ ಅನ್ನುವುದು ನೆನಪಿರಲಿ. 2024ರಲ್ಲಿ ಶುರುವಾದ ‘ಆಬ್ಸಲ್ಯೂಟ್ ಬ್ಯಾಟ್‌ಮನ್’ನಲ್ಲಿ ಕಥೆ ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ, ಬಣ್ಣ ಫ್ರ್ಯಾಂಕ್ ಮಾರ್ಟಿನ್, ಅಕ್ಷರ ಕ್ಲೇಟನ್ ಕೌಲ್ಸ್. ಪೆನ್ಸಿಲ್, ಶಾಯಿ ಎರಡೂ ಒಬ್ಬರದೇ ಆದಾಗ ‘ಚಿತ್ರ’ ಎಂದು ಒಂದೇ ಸಾಲು ಸಾಕು.

ಹಾವೇರಿ:
ಅಂದರೆ ಕನ್ನಡದಲ್ಲಿ ಪದ ಕಟ್ಟುವುದೇ ಬೇಡ ಎಂದಾಯಿತು. ಪೆನ್ಸಿಲ್ ಇರಲಿ, ಶಾಯಿ ಇರಲಿ, ಕಾಮಿಕ್ಸ್ ಇರಲಿ. ಉಳಿದದ್ದು ‘ಬಣ್ಣ’ ಒಂದೇ, ಅದೂ ‘ವರ್ಣ’ದಿಂದ ಇಳಿದದ್ದು.

ಗದಗ:
ಬಣ್ಣ ತದ್ಭವವಾದರೆ ನಿಮಗೆ ನಡೆಯುತ್ತದೆ, ಶಾಯಿ ಯಾಕೆ ನಡೆಯಬಾರದು? ಸಾವಿರ ವರ್ಷ ಹಿಂದೆ ಬಂದವರು ನೆಂಟರು, ಮುನ್ನೂರು ವರ್ಷದ ಹಿಂದೆ ಬಂದವರು ಪರದೇಶಿಗಳೇನು? ಧಾರವಾಡದ ಕನ್ನಡದಿಂದ ಮರಾಠಿ, ಫಾರಸಿ ಕಿತ್ತರೆ ಸಾಬೂನು, ಖುರ್ಚಿ, ಕಾಗದ, ಪುಗ್ಗಾ ಯಾವುದೂ ಉಳಿಯುವುದಿಲ್ಲ.

ಹಾವೇರಿ:
ಇದ್ದದ್ದನ್ನು ಕೀಳಿರಿ ಎಂದು ನಾನು ಹೇಳಿಲ್ಲ. ಹೊಸದಾಗಿ ಹೆಸರಿಡುವಾಗ ಮೊದಲು ಮನೆಯೊಳಗೆ ಹುಡುಕಿ ಎಂದೆ. ಗಟರ್‌ಗೆ ‘ಓಣಿ’ ಎನ್ನಿ. ಎರಡು ಮನೆಗಳ ನಡುವಿನ ದಾರಿ. ಓದುವವರ ಕಣ್ಣು ಒಂದು ಮನೆಯಿಂದ ಇನ್ನೊಂದು ಮನೆಗೆ ಅದೇ ದಾರಿಯಲ್ಲಿ ದಾಟುತ್ತದೆ. ಚೌಕಾಬಾರದಲ್ಲಿ ಚೌಕಕ್ಕೆ ‘ಮನೆ’ ಎನ್ನುತ್ತೇವೆ, ಇಲ್ಲಿ ಯಾಕೆ ಆಗದು?

ಗದಗ:
‘ಓಣಿ’ ಒಪ್ಪಿದೆ. ‘ಗಟಾರ’ ಎಂದು ಬರೆಯುವ ಅಪಾಯ ಇತ್ತು. ಇಂಗ್ಲಿಷಿನ ಗಟರ್ ಫ್ರೆಂಚ್‌ನಿಂದ ಬಂದದ್ದು, ಬೇರು ಲ್ಯಾಟಿನ್‌ನ ‘ಗುತ್ತಾ’, ಅಂದರೆ ಹನಿ. ಮೊದಲಿಗೆ ಸೂರಿನ ನೀರು ಹರಿಯುವ ಕಾಲುವೆ. ಪುಟದ ಬಿಳಿ ಜಾಗಕ್ಕೆ ಬಂದದ್ದು ಆ ಆಕಾರದಿಂದ. ನಮ್ಮ ಗಟಾರಕ್ಕೆ ಆಕಾರಕ್ಕಿಂತ ವಾಸನೆಯೇ ಮುಂದೆ.

ಹುಬ್ಬಳ್ಳಿ:
ಓಣಿ ಆಗಬಹುದು, ಒಂದು ಎಚ್ಚರಿಕೆ. ಮುದ್ರಣದವರಿಗೆ ಗಟರ್ ಅಂದರೆ ಬೇರೆ, ಎದುರುಬದುರು ಪುಟಗಳು ಹೊಲಿಗೆಯ ಬಳಿ ಸೇರುವ ಒಳ ಅಂಚು. ಅಲ್ಲಿ ಮಾತಿನ ಪುಗ್ಗಾ ಬಿದ್ದರೆ ಅರ್ಧ ಅಕ್ಷರ ಮಡಿಕೆಯೊಳಗೆ ಹೋಗುತ್ತದೆ. ಫಲಕದಲ್ಲಿ ಅದಕ್ಕೆ ‘ಹೊಲಿಗೆ ಅಂಚು’ ಎಂದೇ ಬರೆಯಿರಿ, ಓಣಿಯೊಂದಿಗೆ ಕಲಸಬೇಡಿ.

ಕಪಾಟಿನ ಪಟ್ಟಿಯ ವಿಂಗಡಣೆಯನ್ನು ಯಾರೂ ಮುಟ್ಟಿಲ್ಲ, ಕೆಡುವುದು ಅಲ್ಲೇ. ‘ಸ್ವತಂತ್ರ’, ‘ಮುಖ್ಯವಾಹಿನಿ’ ಎರಡೂ ಪುಸ್ತಕದ ಗಾತ್ರವನ್ನೂ ಗದ್ದಲವನ್ನೂ ಹೇಳುತ್ತವೆ, ವ್ಯತ್ಯಾಸವನ್ನಲ್ಲ. 1992ರಲ್ಲಿ, ಅಮೆರಿಕದ ದೊಡ್ಡ ಕಾಮಿಕ್ಸ್ ಕಂಪನಿ ಮಾರ್ವೆಲ್‌ಗೆ ಚಿತ್ರ ಬರೆದು ಹೆಸರಾಗಿದ್ದ ಏಳು ಚಿತ್ರಕಾರರು ಇಮೇಜ್ ಕಾಮಿಕ್ಸ್ ಎಂಬ ಪ್ರಕಾಶನ ಕಟ್ಟಿದರು. ಪ್ರಕಾಶನಕ್ಕೆ ತನ್ನ ಹೆಸರು, ಗುರುತು ಮಾತ್ರ. ಪಾತ್ರ, ಕಥೆ ಎಲ್ಲ ಮಾಡಿದವರದು ಎಂಬುದು ಅದರ ಕಟ್ಟಳೆ. ಅದು ಚಿಕ್ಕದಾಗಿ ಉಳಿಯಲಿಲ್ಲ. ಅಲ್ಲಿಂದಲೇ ಬಂದ 2012ರ ‘ಸಾಗಾ’ ಯಾವ ಕಪಾಟಿಗೆ? ಮಾರಾಟ ನೋಡಿದರೆ ಮುಖ್ಯವಾಹಿನಿ, ಹಕ್ಕು ನೋಡಿದರೆ ಬ್ರಯನ್ ಕೆ. ವಾನ್, ಫಿಯೋನಾ ಸ್ಟೇಪಲ್ಸ್ ಇಬ್ಬರದು.

ಅದಕ್ಕೇ ‘ಕಂಪನಿ ಹಕ್ಕಿನ ಕಾಮಿಕ್ಸ್’, ‘ಸ್ವಂತ ಹಕ್ಕಿನ ಕಾಮಿಕ್ಸ್’ ಎಂದು ಬರೆಯಿರಿ. ವಿಂಗಡಿಸುವುದೂ ಸುಲಭ. ಮೊದಲ ಪುಟಗಳಲ್ಲೋ ಕೊನೆಯಲ್ಲೋ ಸಣ್ಣಕ್ಷರದ ಹಕ್ಕುಸಾಲು ಇರುತ್ತದೆ. ಅಲ್ಲಿ ಮಾರ್ವೆಲ್ ಅಥವಾ ಡಿಸಿಯಂಥ ಕಂಪನಿಯ ಹೆಸರಿದ್ದರೆ ಮೊದಲನೆಯದು, ಕಥೆಗಾರ-ಚಿತ್ರಕಾರರ ಹೆಸರಿದ್ದರೆ ಎರಡನೆಯದು. ಮುಖಪುಟದ ಲೋಗೋ ನೋಡಿ ಇಡಬೇಡಿ. ದೊಡ್ಡ ಕಂಪನಿಯ ಹೆಸರಿನಲ್ಲೂ ಮಾಡಿದವರ ಹಕ್ಕಿನ ಪುಸ್ತಕ ಬಂದಿವೆ.

ಹಾವೇರಿ:
ಹಕ್ಕು, ಕಂಪನಿ ಎರಡೂ ಎರವಲು. ಆದರೆ ಅರ್ಥ ನೆಟ್ಟಗಿದೆ. ಹೊಲದ ಮಾತಿನಲ್ಲಿ ‘ಸ್ವಂತ’, ‘ಕೂಲಿ’ ಎಂದರೆ ಹಳ್ಳಿಯವರಿಗೂ ಥಟ್ಟನೆ ತಿಳಿಯುತ್ತದೆ.

ಹುಬ್ಬಳ್ಳಿ:
‘ಕೂಲಿ ಕಾಮಿಕ್ಸ್’ ಬೇಡ. ಕಂಪನಿಗೆ ಬರೆದವರ ಕೈಕೆಲಸ ಕೀಳು ಎಂದಾಗುತ್ತದೆ.

ಧಾರವಾಡ:
ಒಪ್ಪಿದೆ. ಪಟ್ಟಿ ‘ಸ್ವಂತ ಹಕ್ಕಿನ ಕಾಮಿಕ್ಸ್’, ‘ಕಂಪನಿ ಹಕ್ಕಿನ ಕಾಮಿಕ್ಸ್’. ಚೀಟಿಯಲ್ಲಿ ಕಥೆ, ಪೆನ್ಸಿಲ್, ಶಾಯಿ, ಬಣ್ಣ, ಅಕ್ಷರ. ಫಲಕದಲ್ಲಿ ಓಣಿ. ಚೌಕಟ್ಟಿಗೆ ‘ಮನೆ’ ಹಾಕುತ್ತಿಲ್ಲ, ಚೌಕಟ್ಟೇ ಇರಲಿ. 6 ಇಂಚಿನ ಪಟ್ಟಿಗೆ ಅಕ್ಷರ ಎಷ್ಟು ಎತ್ತರ ಇಡಲಿ?

ಹುಬ್ಬಳ್ಳಿ:
3 ಇಂಚು ದಾಟಬೇಡಿ. ‘ಸ್ವ’, ‘ಕ್ಕಿ’ ಎರಡಕ್ಕೂ ಕೆಳಗೆ ಒತ್ತು, ‘ಕ್ಕಿ’ಗೆ ಮೇಲೆ ಗುಡಿಸು. ಇಂಗ್ಲಿಷ್ ದೊಡ್ಡಕ್ಷರದ ಅಳತೆಯಲ್ಲಿ ತುಂಬಿದರೆ ಒತ್ತು ಕತ್ತರಿಗೆ ಸಿಗುತ್ತದೆ. ಚೀಟಿಯಲ್ಲೂ 9 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 13 ಪಾಯಿಂಟ್ ಅಂತರ ಬಿಡಿ.

ಹಾವೇರಿ:
‘ಕಾಮಿಕ್ಸ್‌ಗಳು’ ಎಂದು ಎಲ್ಲಿಯೂ ಬರೆಯಬೇಡಿ. ಕೊನೆಯ ‘ಸ್’ ಆಗಲೇ ಬಹುವಚನ.

ಗದಗ:
‘ಶೂಸುಗಳು’ ಅನ್ನುವುದಿಲ್ಲವೇ? ಕನ್ನಡಕ್ಕೆ ಬಂದಮೇಲೆ ಆ ‘ಸ್’ ಬರಿಯ ಅಕ್ಷರ.