ಅಪ್‌ಡೇಟ್: ಅರ್ಕಾ ಸಹನ್ ಕೊನೆಗೂ ಕಾಯಿ ಕಚ್ಚಿತು

ನಮ್ಮ ಅರ್ಕಾ ಸಹನ್ ಸೀತಾಫಲ ಹೂ ಬಿಡುತ್ತದೆ, ಕಾಯಿ ಮಾತ್ರ ನಿಲ್ಲುವುದಿಲ್ಲ ಅಂತ ಕೇಳಿದ್ದೆ ಅಲ್ವಾ? ಕೈಯಿಂದಲೇ ಪರಾಗ ಮುಟ್ಟಿಸಿ ಅಂದವರಿಗೆ ಥ್ಯಾಂಕ್ಸ್. ಇದರ ಹೂವು ಮೊದಲು ಹೆಣ್ಣು, ಆಮೇಲೆ ಗಂಡು, ಹಾಗಾಗಿ ತನ್ನದೇ ಪರಾಗ ತನಗೆ ಸಿಗುವುದು ಕಷ್ಟ. ಪಕ್ಕದ ನಾಟಿ ಸೀತಾಫಲದ ಪೂರ್ತಿ ಅರಳಿದ ಹೂವಿಂದ ಪರಾಗದ ಪುಡಿ ಉದುರಿಸಿಕೊಂಡು, ಇದರ ಅರ್ಧ ಬಿರಿದ ಹೂವಿಗೆ ಬೆಳಿಗ್ಗೆಯೇ ಸಣ್ಣ ಬ್ರಷ್‌ನಲ್ಲಿ ಸವರಿದೆ. ತಾಳ್ಮೆ ಬೇಕು, ಆದರೆ ಕಾಯಿ ದುಂಡಗೆ ಬಂದವು.

ರುಚಿ? ಬೀಜ ಕಡಿಮೆ, ತಿರುಳು ಜಾಸ್ತಿ, ಸಿಹಿ ನನಗಂತೂ ಸ್ವಲ್ಪ ಅತಿಯೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಐಲ್ಯಾಂಡ್ ಜೆಮ್ ಅನ್ನುವ ಅಟೆಮೋಯಾಕ್ಕೆ (ಸೀತಾಫಲದ ಬಳಗದ ಒಂದು ಮಿಶ್ರ ಹಣ್ಣು) ಮ್ಯಾಮತ್ ಸೀತಾಫಲ ಸೇರಿಸಿ ಮಾಡಿದ ತಳಿ ಇದು. ಅಮ್ಮನಿಗೆ ಮಾತ್ರ ಇವತ್ತಿಗೂ ನಾಟಿ ಹಣ್ಣೇ ಬೇಕು. ಅರ್ಕಾ ಸಹನ್ ಕಿತ್ತ ಮೇಲೆ ನಿಧಾನಕ್ಕೆ ಹಣ್ಣಾಗುತ್ತದೆ, ಗಟ್ಟಿ ಇರುವಾಗಲೇ ಫ್ರಿಜ್‌ಗೆ ಹಾಕಬೇಡಿ.