ಗುಂಪು ಹಲ್ಲೆಯಲ್ಲಿ ಸಾವು: ಕಲಂ 103 ಯಾವಾಗ, 105 ಯಾವಾಗ?

ಪ್ರಶ್ನೆ (ಕಾನೂನು ವಿದ್ಯಾರ್ಥಿ)

ಆರೇಳು ಮಂದಿ ಸೇರಿ ಒಬ್ಬನ ಕೈಕಾಲುಗಳಿಗೆ ಮಾತ್ರ ದೊಣ್ಣೆಯಿಂದ ಹೊಡೆದು, ಆತ ಮರುದಿನ ತೀರಿಕೊಂಡರೆ, ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 103ರ ಕೊಲೆಯೇ, ಕಲಂ 105ರ ಕೊಲೆಯಲ್ಲದ ದಂಡನೀಯ ನರಹತ್ಯೆಯೇ? ತಲೆಗೆ ಏಟೇ ಬೀಳದಿರುವಾಗ ಕೊಲ್ಲುವ ಉದ್ದೇಶವನ್ನು ಸಾಬೀತುಪಡಿಸುವುದು ಹೇಗೆ? ಕೈ ಎತ್ತದೆ ಜೊತೆಗಿದ್ದವನ ಗತಿಯೇನು?

ಉತ್ತರ 1 (ವಕೀಲ)

ಇಂಥದ್ದೇ ಸಂಗತಿ 1976ರಲ್ಲಿ ಪುನ್ನಯ್ಯ ಪ್ರಕರಣವಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಆಂಧ್ರದ ಹಳ್ಳಿಯೊಂದರ ಕಕ್ಷಿದ್ವೇಷದಲ್ಲಿ, ಬಸ್ಸಿನಿಂದ ಇಳಿದವನನ್ನು ಹಿಡಿದು, ಆತ ಕೈಮುಗಿದರೂ ಬಿಡದೆ, ದಪ್ಪ ದೊಣ್ಣೆಗಳಿಂದ ಕೈಕಾಲುಗಳ ಮೂಳೆ ಮುರಿಯುವಂತೆ ಬಡಿದಿದ್ದರು. ಮೈಮೇಲೆ 19 ಗಾಯಗಳಿದ್ದವು. ಮರ್ಮಸ್ಥಾನಕ್ಕೆ ಪೆಟ್ಟಾಗಿಲ್ಲವೆಂಬ ಕಾರಣಕ್ಕೆ ಹೈಕೋರ್ಟ್ ಅದನ್ನು ಹಳೆಯ ದಂಡ ಸಂಹಿತೆಯ 304ರ ಎರಡನೇ ಭಾಗಕ್ಕೆ (ಈಗಿನ ಕಲಂ 105ರಲ್ಲಿ ಸೇರಿರುವ, ಕಡಿಮೆ ಶಿಕ್ಷೆಯ ಅಪರಾಧಕ್ಕೆ) ಇಳಿಸಿತು. ಸುಪ್ರೀಂ ಕೋರ್ಟ್ ಒಪ್ಪದೆ ಕೊಲೆಯ ತೀರ್ಪನ್ನೇ ಮರಳಿ ಎತ್ತಿಹಿಡಿಯಿತು. ಕೊಲ್ಲುವ ಇಚ್ಛೆಯೇ ಇರಬೇಕೆಂದಿಲ್ಲ. ಬೇಕೆಂದೇ ಮಾಡಿದ ಗಾಯವು ಸಹಜಗತಿಯಲ್ಲಿ ಸಾವನ್ನು ತರಲು ಸಾಕಾಗುವಂಥದ್ದಾದರೆ ಅದು ಕೊಲೆಯೇ ಎಂಬ ತತ್ವವನ್ನು 1958ರ ವಿರ್ಸಾ ಸಿಂಗ್ ತೀರ್ಪಿನಲ್ಲಿಯೇ ವಿವರಿಸಲಾಗಿದೆ. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಶವಪರೀಕ್ಷೆ ಮಾಡಿದ ವೈದ್ಯರ ಪಾಟೀಸವಾಲಿಗೆ ನಾನು ಎಲ್ಲಕ್ಕಿಂತ ಹೆಚ್ಚು ಸಿದ್ಧತೆ ಮಾಡಿಕೊಳ್ಳುತ್ತೇನೆ: ಗಾಯ ಸಾವಿಗೆ ‘ಸಾಕಾಗುವಂಥದ್ದು’ ಎನ್ನುತ್ತಾರೋ, ‘ಸಾವು ಸಂಭವಿಸಬಹುದಾಗಿತ್ತು’ ಎನ್ನುತ್ತಾರೋ ಎಂಬುದರ ಮೇಲೆ ಪ್ರಕರಣ 103ರಿಂದ 105ಕ್ಕೆ ಇಳಿದು ಶಿಕ್ಷೆಯೇ ಬದಲಾಗಬಹುದು.

ಉತ್ತರ 2 (ನಿವೃತ್ತ ಅಭಿಯೋಜಕ)

ಜೊತೆಗಿದ್ದವನ ವಿಷಯಕ್ಕೆ ಕಲಂ 190 ನೋಡಿ. ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ ಅದರ ಉದ್ದೇಶವನ್ನರಿತು ಸದಸ್ಯನಾಗಿದ್ದರೆ ಸಾಕು, ಒಂದೇಟನ್ನೂ ಹೊಡೆಯಬೇಕಾಗಿಲ್ಲ; ಆದರೆ ಗಲಾಟೆ ಕೇಳಿ ನೋಡಲು ಬಂದವನು ಸದಸ್ಯನಾಗುವುದಿಲ್ಲ. ದೋಷಾರೋಪಣೆ ಪಟ್ಟಿಯಲ್ಲಿ ಇಡೀ ಮನೆತನದವರ ಹೆಸರುಗಳನ್ನು ಸೇರಿಸುವ ಚಾಳಿ ನಮ್ಮಲ್ಲಿ ಇರುವುದರಿಂದ ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕೈಕಾಲು ಮುರಿಯಲೆಂದು ಹೋದ ಗುಂಪಿನಲ್ಲಿ ಒಬ್ಬ, ಉಳಿದವರಿಗೆ ಸುಳಿವೇ ಇಲ್ಲದಂತೆ ಬಚ್ಚಿಟ್ಟಿದ್ದ ಚೂರಿಯಿಂದ ತಿವಿದರೆ, ಅವನಿಗೆ 103 ಅನ್ವಯಿಸಿ, ಉಳಿದವರು ತೀವ್ರ ಗಾಯದ ಅಪರಾಧಕ್ಕಷ್ಟೇ ಹೊಣೆಯಾಗಬಹುದು. ಹೊಡೆದವರು ಐವರಿಗಿಂತ ಕಡಿಮೆಯಿದ್ದರೆ ಸಮಾನ ಆಶಯದ, ಅಂದರೆ ಒಂದೇ ಉದ್ದೇಶದಿಂದ ಸೇರಿ ಮಾಡಿದ ಕೃತ್ಯಕ್ಕೆ ಎಲ್ಲರೂ ಹೊಣೆ ಎನ್ನುವ ಕಲಂ 3(5) ಬರುತ್ತದೆ.

ಉತ್ತರ 1ರ ವಕೀಲ

ಒಂದು ಸೇರ್ಪಡೆ. ಕೊಲೆಯನ್ನು ಕಲಂ 105ಕ್ಕೆ ಇಳಿಸುವ ‘ಹಠಾತ್ ಜಗಳ’ ಎಂಬ ವಿನಾಯಿತಿಯನ್ನು ಆರೋಪಿಗಳು ಸದಾ ಕೇಳುತ್ತಾರೆ. ಎರಡೂ ಕಡೆಯವರು ಪರಸ್ಪರ ಹೊಡೆದಾಡಿದ್ದರೆ, ಪೂರ್ವಸಿದ್ಧತೆಯಾಗಲಿ ಕ್ರೌರ್ಯವಾಗಲಿ ಇಲ್ಲದಿದ್ದರೆ ಮಾತ್ರ ಅದು ಸಲ್ಲುತ್ತದೆ. ಬರಿಗೈಯಲ್ಲಿದ್ದ ಒಬ್ಬನನ್ನು ಸುತ್ತುವರಿದು ಬಡಿದವರಿಗೆ ಅದು ದಕ್ಕುವುದು ಕಷ್ಟ. ಇನ್ನು, ಜಾತಿ, ಭಾಷೆ, ಹುಟ್ಟಿದ ಸ್ಥಳ ಮುಂತಾದ ಕಾರಣಕ್ಕೆ ಐವರು ಅಥವಾ ಹೆಚ್ಚು ಮಂದಿ ಸೇರಿ ಕೊಲೆ ಮಾಡಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಲಂ 103(2)ರಡಿ ಪ್ರತಿಯೊಬ್ಬ ಸದಸ್ಯನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ.